ಹದಿನಾಲ್ಕು ವರ್ಷ ನಿಂತ ಸ್ಪೋರ್ಟ್ಸ್ ಕಾರು: ಕೀ ತಿರುಗಿಸೋಕೆ ಮುಂಚೆ ಮಾಡಬೇಕಾದ್ದೇನು?

ಈ ಸಂಚಿಕೆ ರೆಕಾರ್ಡ್ ಮಾಡುವಾಗ ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇದೆ. ಕಾರಣ ನಮ್ಮ ಸೋದರಮಾವನ ಕಾರು. ಸವದತ್ತಿಯ ಒಂದು ಹತ್ತಿ ಗೋದಾಮಿನಲ್ಲಿ 2011ರಿಂದ ತಾಡಪತ್ರಿ ಹೊದ್ದುಕೊಂಡು ನಿಂತಿತ್ತು. ಈಗ ಗೋದಾಮು ಮಾರಾಟವಾಗಿದೆ, ತಿಂಗಳೊಳಗೆ ಖಾಲಿ ಮಾಡಬೇಕು. "ಗುಜರಿಗೆ ಹಾಕಿಬಿಡ್ರಿ" ಅಂದ್ರು ಅತ್ತಿ. ಮಾಮಾಗೆ ಹೋದ ವರ್ಷ ಹೃದಯದ ಆಪರೇಷನ್ ಆಗಿದೆ, ಮೊದಲಿನಷ್ಟು ಮಾತಿಲ್ಲ. ಒಂದೇ ಮಾತು ಹೇಳಿದರು: "ಒಮ್ಮೆ ನಾನ ಹೊಡ್ಕೊಂಡು ಮನಿಗೆ ತರ್ತೀನಿ. ಆಮ್ಯಾಲ ಏನರ ಮಾಡ್ರಿ."

ಮನೆ ಇರೋದು ಕಿತ್ತೂರಲ್ಲಿ. ಕಾರು ಯಾವುದು ಗೊತ್ತಾ? ಸ್ಯಾನ್ ಸ್ಟಾರ್ಮ್. ಹೆಸರು ಕೇಳಿಲ್ಲ ಅಂದ್ರೆ ತಪ್ಪಿಲ್ಲ, ನಾನೂ ಕೇಳಿರಲಿಲ್ಲ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1998ರಲ್ಲಿ ತಂದ, ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಕಾರು. ಮೇಲ್ಛಾವಣಿ ಬಿಚ್ಚಬಹುದು, ಮೈ ಫೈಬರ್‌ನದು, ಎಂಜಿನ್ ರೆನೋ ಕಂಪನಿಯ 1.2 ಲೀಟರ್ ಪೆಟ್ರೋಲ್. ಇವತ್ತಿನ ಸಾಧಾರಣ ಹ್ಯಾಚ್‌ಬ್ಯಾಕಿಗೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಎಂಜಿನ್ ಇರುತ್ತೆ, ನಗಬೇಡಿ. ಬೆಂಗಳೂರಲ್ಲಿ ನೌಕರಿಯಲ್ಲಿದ್ದಾಗ ಮಾಮಾ ತಗೊಂಡಿದ್ದು. ಊರಿಗೆ ತಂದಮೇಲೆ ನಮ್ಮ ರೋಡ್ ಹಂಪುಗಳಿಗೆ ಅದರ ಹೊಟ್ಟೆ ತಾಗಿ ತಾಗಿ, ಕೊನೆಗೆ ಅವರೇ ಬೇಸತ್ತು ನಿಲ್ಲಿಸಿದ್ದರು.

ಈಗ ನಮ್ಮ ಮೂರ್ಖತನ ಕೇಳಿ. ಮೊದಲ ಭಾನುವಾರ ನಾನು, ಮಾಮಾನ ಮಗ ಇಬ್ಬರೂ ಪಕ್ಕದವರ ಗಾಡಿಯ ಬ್ಯಾಟರಿಯಿಂದ ವೈರ್ ಎಳೆದು ನೇರ ಕೀ ತಿರುಗಿಸಿದ್ವಿ. ನನಗೆ ಬೇಕಾಗಿದ್ದು ಎಂಜಿನ್ ಸ್ಟಾರ್ಟ್ ಆಗೋ ಆಡಿಯೋ. ಮೈಕ್ ಹಿಡಿದು ನಿಂತಿದ್ದೆ. ಎರಡು ಸಲ ಕರಕರ ಅಂತು, ನಿಂತುಬಿಡ್ತು. ಸರಿ, ಹೊರಗೆ ಬೆಳಕಿಗೆ ತಳ್ಳೋಣ ಅಂದ್ವಿ. ಮಾಮಾ ಖುಷಿಯಿಂದ ಸ್ಟೇರಿಂಗ್ ಹಿಂದೆ ಕೂತರು. ಗೋದಾಮಿನ ಬಾಗಿಲಲ್ಲಿ ಸಣ್ಣ ಇಳಿಜಾರು ಇದೆ. ಕಾರು ಉರುಳಿತು, ಮಾಮಾ ಬ್ರೇಕ್ ಒತ್ತಿದರು, ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಹ್ಯಾಂಡ್‌ಬ್ರೇಕ್ ಎಳೆದರೆ ಕೇಬಲ್ಲೇ ಕೈಗೆ ಬಂತು. ಹೊರಗೆ ಪೇರಿಸಿಟ್ಟಿದ್ದ ಹತ್ತಿ ಅಂಡಿಗೆಗಳಿಗೆ ಹೋಗಿ ಮೂತಿ ಇಟ್ಟು ನಿಂತಿತು. ಅಂಡಿಗೆಗಳ ಆಚೆ ಕಬ್ಬಿನ ಟ್ರ್ಯಾಕ್ಟರು ಓಡಾಡೋ ರಸ್ತೆ. ಆ ಆಡಿಯೋ ನನ್ನ ಹತ್ತಿರ ಇದೆ, ಹಾಕಲ್ಲ.

ಆಮೇಲೆ ರಾಮದುರ್ಗದಿಂದ ಒಬ್ಬ ಹಳೇ ಮಿಸ್ತ್ರಿ ಕಾಕಾ ಬಂದರು. ಬಸ್ಸಿನಲ್ಲಿ, ಪಾನಾ ಚೀಲ ತೊಡೆ ಮೇಲೆ ಇಟ್ಕೊಂಡು. "ಕಾಕಾ, ಈ ಕಾರು ಮೊದಲು ನೋಡೀರೇನ್ರಿ?" ಅಂತ ಕೇಳಿದೆ. "ಇಲ್ಲ ತಮ್ಮಾ. ಆದ್ರ ರಬ್ಬರ್ ಅಂದ್ರ ಎಲ್ಲಾ ಗಾಡ್ಯಾಗೂ ರಬ್ಬರ" ಅಂದರು. ಎಂಜಿನ್ ಬಾನೆಟ್ ಮುಚ್ಚಿ, ಮೊದಲು ನಾಲ್ಕೂ ಚಕ್ರ ಬಿಚ್ಚಿಸಿದರು.

ನಾನು ಬಿ.ಕಾಂ. ಓದಿದವನು. ಸವಕಳಿ ಲೆಕ್ಕದಲ್ಲಿ ಕಾರಿನ ಬೆಲೆ ವರ್ಷಕ್ಕೆ ಶೇ 15ರಂತೆ ಇಳಿಸುತ್ತಾ ಹೋದರೆ, ನೂರು ರೂಪಾಯಿಯದ್ದು 15 ವರ್ಷಕ್ಕೆ ಒಂಬತ್ತು ರೂಪಾಯಿ ಆಸುಪಾಸಿಗೆ ಬರುತ್ತೆ. ಓಡಲಿ, ಓಡದೇ ಇರಲಿ, ಪುಸ್ತಕದಲ್ಲಿ ಇಳಿಯೋದು ಇಳಿಯುತ್ತೆ. ಪರೀಕ್ಷೆಗೆ ಬರೆಯುವಾಗ ಇದು ಅನ್ಯಾಯ ಅನಿಸಿತ್ತು. "ನಿಂತ ಗಾಡಿ ಸವೆಯಲ್ಲ" ಅಂತಾನೇ ನಾವೆಲ್ಲ ನಂಬಿರ್ತೀವಿ. ಚಕ್ರ ಬಿಚ್ಚಿದಾಗ ಗೊತ್ತಾಯ್ತು, ಪುಸ್ತಕವೇ ಸರಿ.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವವನ್ನ ಹೀರಿಕೊಳ್ಳುತ್ತೆ. ಅದರ ಗುಣವೇ ಹಾಗೆ. ಡಾಟ್ 4 ಅನ್ನೋ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತೆ. ಮೇಲಿಂದ ಮೇಲೆ ಬ್ರೇಕ್ ಒತ್ತಿದಾಗ ಬಿಸಿ ಏರಿ ಆಯಿಲ್ ಕುದ್ದರೆ ಪೈಪಿನೊಳಗೆ ಆವಿ ಗುಳ್ಳೆ ಆಗುತ್ತೆ. ಗುಳ್ಳೆ ಹಿಸುಕುತ್ತೆ, ಒತ್ತಡ ಚಕ್ರಕ್ಕೆ ಮುಟ್ಟಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು. ನಮ್ಮದರಲ್ಲಿ ಕುದಿಯೋ ಮಟ್ಟಕ್ಕೂ ಹೋಗಬೇಕಿರಲಿಲ್ಲ. ಆ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿತ್ತು, ರಬ್ಬರ್ ಸೀಲುಗಳು ಒಣಗಿ ಸೀಳಿದ್ದವು, ಇದ್ದ ಆಯಿಲ್ ಸೋರಿ ಹೋಗಿತ್ತು. ಸೀಲು, ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲಾ ಹೊಸದು ಹಾಕಿ, ಗಾಳಿ ತೆಗೆದು, ಪೆಡಲ್ ಕಲ್ಲಿನಂತೆ ಗಟ್ಟಿಯಾಗೋವರೆಗೂ ಕಾಕಾ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ.

ಟೈರಿನದ್ದು ನಿಮಗೆ ಇವತ್ತೇ ಉಪಯೋಗಕ್ಕೆ ಬರುತ್ತೆ, ನಿಮ್ಮ ಬೈಕಿನಲ್ಲೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 2308 ಇತ್ತು, ಅಂದ್ರೆ 2008ನೇ ಇಸವಿಯ 23ನೇ ವಾರ. ಮೇಲೆ ನೋಡಿದ್ರೆ ಗುಂಡಿ ಇನ್ನೂ ಆಳವಾಗಿದೆ, ಹೊಸದರ ಹಾಗೇ. ಗಾಳಿ ತುಂಬಿದಾಗ ಪಕ್ಕದಲ್ಲಿ ಬಿರುಕು ಬಾಯಿ ತೆರೆದವು. ನಾಲ್ಕೂ ಬದಲಿಸಿದ್ವಿ.

ಇನ್ನು ಪೆಟ್ರೋಲ್. ಟ್ಯಾಂಕಿನಲ್ಲಿ ಉಳಿದಿದ್ದಕ್ಕೆ ವಾರ್ನಿಶ್ ವಾಸನೆ ಬರ್ತಿತ್ತು. ಪೆಟ್ರೋಲ್ ವರ್ಷಗಟ್ಟಲೆ ನಿಂತರೆ ಗಾಳಿಯ ಜೊತೆ ಸೇರಿ ಅಂಟಾಗುತ್ತೆ. ಆ ಅಂಟು ಇಂಜೆಕ್ಟರಿನ ಕೂದಲೆಳೆಯಂಥ ತೂತು ಮುಚ್ಚುತ್ತೆ. ನಾವು ಅವತ್ತು ಕೀ ತಿರುಗಿಸಿದಾಗ ಪಂಪು ಇದೇ ಗಸಿಯನ್ನ ತುಕ್ಕಿನ ಸಮೇತ ಎಳೆದು ಮುಂದಕ್ಕೆ ತಳ್ಳಿತ್ತು. ಟ್ಯಾಂಕ್ ಮಾತ್ರ ತೊಳೆದರೆ ಸಾಕಾಗಿದ್ದಲ್ಲಿ ಪಂಪು, ಫಿಲ್ಟರ್, ಇಂಜೆಕ್ಟರ್ ಎಲ್ಲಕ್ಕೂ ಖರ್ಚು ಬಂತು. ನನ್ನ ಆಡಿಯೋ ಕ್ಲಿಪ್ಪಿನ ಬೆಲೆ ಅದು. ಪೈಪುಗಳನ್ನೂ ಬದಲಿಸಬೇಕಾಯ್ತು, ಯಾಕಂದ್ರೆ ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ ಶೇ 20 ಎಥನಾಲ್. ಇಷ್ಟು ಎಥನಾಲ್ ತಡೆಯೋ ಹಾಗೆ ಆ ಕಾಲದ ರಬ್ಬರ್ ಮಾಡಿರಲಿಲ್ಲ, ಉಬ್ಬಿ ಬಿರುಕು ಬಿಡುತ್ತೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ನಮ್ಮೂರ ಟ್ರ್ಯಾಕ್ಟರಿನಲ್ಲಿ ಹೋಗೋ ಕಬ್ಬೇ ಕೊನೆಗೆ ಎಥನಾಲ್ ಆಗಿ ಬಂಕಿಗೆ ವಾಪಸ್ ಬರೋದು ಅನ್ನೋದು ಬೇರೆ ಸಂಚಿಕೆಗೆ ಇಟ್ಕೊಂಡಿದ್ದೀನಿ.

ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು. ಹತ್ತಿ ಗೋದಾಮಲ್ವಾ, ಒಳಗೆ ಮೆತ್ತನೆ ಹಾಸಿಗೆ! ಅವು ಕಡಿದಿದ್ದ ವೈರುಗಳನ್ನ ಒಂದೊಂದಾಗಿ ಜೋಡಿಸೋಕೆ ಎರಡು ದಿನ ಹಿಡೀತು.

ಎಂಜಿನ್ ಸರದಿ ಬಂದಿದ್ದು ಮೂರನೇ ವಾರ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಟ್ಟರು. ಒಳಗೋಡೆ ಒಣಗಿರುತ್ತೆ, ಒಣ ಪಿಸ್ಟನ್ ಉಜ್ಜಿದರೆ ಗೀರು ಬೀಳುತ್ತೆ. ಮುಂಜಾನೆ ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿದರು. ಎಲ್ಲೂ ಹಿಡಿಯಲಿಲ್ಲ. ಟೈಮಿಂಗ್ ಬೆಲ್ಟ್, ಆಯಿಲ್, ಕೂಲಂಟ್ ಬದಲಿಸಿ, ಪ್ಲಗ್ ಇಲ್ಲದೇ ಸ್ಟಾರ್ಟರ್ ತಿರುಗಿಸಿ ಆಯಿಲ್ ಮೇಲಕ್ಕೆ ಏರಿಸಿದರು. ಆಮೇಲೆ ಪ್ಲಗ್ ಹಾಕಿ ಕೀ. ಮೂರನೇ ಪ್ರಯತ್ನಕ್ಕೆ ಹತ್ತಿತು. ಮೈಕ್ ಹಿಡಿಯೋದು ಮರೆತೇ ಹೋಗಿತ್ತು.

ಹಾಗಂತ ಅಲ್ಲಿಂದಲೇ ಹೊರಡೋ ಹಾಗಿರಲಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. 2001ರಲ್ಲಿ ನೋಂದಣಿಯಾದ ಇದರದ್ದು 2016ಕ್ಕೇ ಮುಗಿದಿತ್ತು. ತಪಾಸಣೆಗೆ ಗಾಡಿ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಕನಿಷ್ಠ ಥರ್ಡ್ ಪಾರ್ಟಿ ವಿಮೆ ಇಲ್ಲದೇ ರಸ್ತೆಗೆ ಇಳಿಯುವಂತಿಲ್ಲ. "ವಿಂಟೇಜ್ ಅಂತ ಮಾಡಿಸೋಣ" ಅಂದ ಮಾಮಾನ ಮಗ. ಅದಕ್ಕೆ 50 ವರ್ಷ ಆಗಿರಬೇಕಪ್ಪಾ! ಹಾಗಾಗಿ ಸವದತ್ತಿಯಿಂದ ಬೈಲಹೊಂಗಲಕ್ಕೆ ಕಾರು ಲಾರಿ ಮೇಲೆ ಹೋಯ್ತು. ಅಲ್ಲಿನ ಆರ್‌ಟಿಒ, ನಮ್ಮ ಕಡೆ ಗಾಡಿಗಳ ಮೇಲೆ ಕಾಣೋ ಕೆಎ-24. ಮಾಮಾಗೆ ಅದು ಸೇರಲಿಲ್ಲ. "ಹೆಣ ಒಯ್ದಂಗ ಒಯ್ಯಾಕತ್ತೀರಿ" ಅಂದರು. ನಾನು ಅಂಡಿಗೆಗಳ ನೆನಪು ಮಾಡಿಕೊಟ್ಟೆ, ಸುಮ್ಮನಾದರು.

ಕಾಗದ ಎಲ್ಲ ಕೈಗೆ ಬಂದ ದಿನ, ಬೈಲಹೊಂಗಲದಿಂದ ಕಿತ್ತೂರಿಗೆ ಮಾಮಾನೇ ಹೊಡೆದರು. ಕಾಕಾನ ಷರತ್ತು ಮೂರು: 40ರ ಮೇಲೆ ಹೋಗೋ ಹಾಗಿಲ್ಲ, ಹಿಂದೆ ನಮ್ಮ ಗಾಡಿ ಇರಬೇಕು, ಐದು ಕಿಲೋಮೀಟರಿಗೆ ನಿಲ್ಲಿಸಿ ನಾಲ್ಕೂ ಚಕ್ರ ಮುಟ್ಟಿ ನೋಡಬೇಕು. ಒಂದು ಚಕ್ರ ಮಾತ್ರ ಸುಡ್ತಿದ್ರೆ ಅಲ್ಲಿ ಬ್ರೇಕ್ ಬಿಡ್ತಿಲ್ಲ ಅಂತ ಅರ್ಥ. ಚೆನ್ನಮ್ಮನ ಸಮಾಧಿ ಕಡೆ ಕೈ ಮುಗಿದು ಹೊರಟರು. ಮೊದಲ ನಿಲುಗಡೆಯಲ್ಲೇ ಹಿಂದಿನ ಎಡಚಕ್ರ ಬಿಸಿ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಆಗಿತ್ತು, ಕಾಕಾ ರಸ್ತೆ ಬದಿಯಲ್ಲೇ ಮಲಗಿ ಸಡಿಲಿಸಿದರು. ಹಂಪು ಬಂದಾಗೆಲ್ಲ ನಾನು ಇಳಿದು ಹೊಟ್ಟೆ ತಾಗುತ್ತಾ ನೋಡ್ತಿದ್ದೆ. ಕಬ್ಬಿನ ಟ್ರ್ಯಾಕ್ಟರಿನ ಹುಡುಗರು ದಾಟಿಕೊಂಡು ಹೋಗುವಾಗ ಮೊಬೈಲ್ ತೆಗೆದು ವಿಡಿಯೋ ಮಾಡಿದರು. ಸ್ಪೋರ್ಟ್ಸ್ ಕಾರನ್ನ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡೋದು ಸಣ್ಣ ಮಾತೇನ್ರಿ!

ಕಿತ್ತೂರಲ್ಲಿ ಅತ್ತಿ ಬಾಗಿಲಲ್ಲಿ ನಿಂಬೆಹಣ್ಣು ಹಿಡ್ಕೊಂಡು ನಿಂತಿದ್ದರು. ಮಾಮಾ ಎಂಜಿನ್ ಬಂದ್ ಮಾಡಿದ ಮೇಲೂ ಬಹಳ ಹೊತ್ತು ಇಳಿಯಲಿಲ್ಲ. ರಾತ್ರಿ ಕಾಕಾ ಹೇಳಿದಂತೆ ಕಾರಿನ ಕೆಳಗೆ ರಟ್ಟು ಹಾಸಿದ್ವಿ, ಸೋರಿದರೆ ಮುಂಜಾನೆ ಕಲೆ ಕಾಣುತ್ತೆ ಅಂತ. ಆಯಿಲ್ ಇರಲಿಲ್ಲ, ಬ್ರೇಕ್ ಕಡೆ ಒಣಗಿತ್ತು, ರೇಡಿಯೇಟರ್ ಕೆಳಗೆ ಎರಡು ಹಸಿರು ಹನಿ. ಫೋನ್ ಮಾಡಿದೆ. "ಕ್ಲಿಪ್ ಬಿಗಿ ಮಾಡು, ಐನೂರು ಕಿಲೋಮೀಟರಿಗೆ ಆಯಿಲ್ ಮತ್ತ ಬದಲಿಸು" ಅಂದರು ಕಾಕಾ. ಗುಜರಿ ಮಾತು ಅತ್ತಿ ಇನ್ನೂ ಬಿಟ್ಟಿಲ್ಲ. ಆದ್ರೆ ಈ ಶುಕ್ರವಾರ ಎಲ್ಲಮ್ಮನ ಗುಡ್ಡಕ್ಕೆ ಯಾವ ಗಾಡಿಯಲ್ಲಿ ಹೋಗೋದು ಅಂತ ಕೇಳಿದ್ದೂ ಅವರೇ.