ಬೇಟೆನಾಯಿಗೆ ಯಾವ ಕಾಡು?

ಹೊಂಬಣ್ಣದ ಎಲೆ ಉದುರುತ್ತಿರುವ ಕಾಡು, ನಡುವೆ ಮುಂಗಾಲೊಂದನ್ನು ಎತ್ತಿ ನಿಂತ ಬೇಟೆನಾಯಿ. ಒಂದೊಂದು ಕೂದಲನ್ನೂ ಬಿಡಿಸಿದ ಇಂಥ ಯುರೋಪಿನ ತೈಲಚಿತ್ರ ಕಂಡರೆ ಜೀವಂತವಾಗಿದೆ ಎಂದು ಮೆಚ್ಚುತ್ತೇವೆ. ಕೂದಲು ಬಿಡಿಸುವುದು ಕೈಚಳಕ. ಚಿತ್ರ ನಿಜವಾಗುವುದು ನಾಯಿ, ಬೇಟೆ, ನೆಲ ಮೂರೂ ಒಂದಕ್ಕೊಂದು ಹೊಂದಿದಾಗ. ಪಾಯಿಂಟರ್ ಜಾತಿಯ ನಾಯಿ ಪೊದೆಯಲ್ಲಿ ಅಡಗಿದ ಹಕ್ಕಿಯ ವಾಸನೆ ಹಿಡಿದು, ಒಡೆಯನಿಗೆ ದಿಕ್ಕು ತೋರಿಸಲು ಹಾಗೆ ನಿಲ್ಲುತ್ತದೆ. ಅಲ್ಲಿ ಹಕ್ಕಿಬೇಟೆಗೆ ಶರತ್ಕಾಲವೇ ಹೊತ್ತು. ಹಗಲು ಕುಗ್ಗಿ ಚಳಿ ಏರಿದಂತೆ ಎಲೆಯ ಹಸಿರು ಕರಗಿ, ಒಳಗಿದ್ದ ಹಳದಿ ಹೊರಬೀಳುತ್ತದೆ.

ಈ ದೃಶ್ಯವನ್ನು ಹಾಗೆಯೇ ನಮ್ಮಲ್ಲಿಗೆ ತಂದರೆ ಹೊಂದದು. ಭೀಮಸಮುದ್ರದ ಅಡಿಕೆ ತೋಟ ವರ್ಷವಿಡೀ ಹಸಿರು. ಚಿತ್ರದುರ್ಗದ ಜೋಗಿಮಟ್ಟಿಯಂಥ ಒಣ ಕಾಡು ಎಲೆ ಉದುರಿಸುವುದು ಮಾಘ-ಫಾಲ್ಗುಣದಲ್ಲಿ, ನೆಲದ ತೇವ ಆರಿದಾಗ; ಆಗಲೇ ಮುತ್ತುಗ ಬೋಳು ಕೊಂಬೆಯಲ್ಲಿ ಕೆಂಪಾಗಿ ಅರಳುತ್ತದೆ. ನಮ್ಮ ಮುಧೋಳ ನಾಯಿಯ ಕೆಲಸವೂ ಬೇರೆ. ಉದ್ದ ಕಾಲು, ಆಳದ ಎದೆ, ಸಣ್ಣ ನಡುವಿನ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಬಯಲಲ್ಲಿ ಅಟ್ಟಿ ಹಿಡಿಯುವ ತಳಿ. ದಟ್ಟ ಕಾಡಲ್ಲಿ ನಿಲ್ಲಿಸಿದರೆ ಅದಕ್ಕೆ ಓಟವೂ ಇಲ್ಲ, ನೋಟವೂ ಇಲ್ಲ.

ನಾಯಿ, ಬೇಟೆ, ನೆಲದ ಹೊಂದಿಕೆಗೆ ಕನ್ನಡನಾಡಿನ ಸಾಕ್ಷಿ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949–50ರ ಈ ಶಾಸನದಂತೆ, ತಕ್ಕೋಲದ ಯುದ್ಧದ ಪರಾಕ್ರಮಕ್ಕೆ ಗಂಗರ ಬೂತುಗನ ಬಂಟ ಮಣಲೆರ ಬೇಡಿ ಪಡೆದದ್ದು 'ಕಾಳಿ' ಎಂಬ ನಾಯಿಯನ್ನು. ಬೆಳ್ತೂರಿನ ಪಡುವಣ ಮರಡಿಯಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ-ಹಂದಿಯ ಕಾಳಗದ ಕೆತ್ತನೆಯಿದೆ.

ಕೆತ್ತನೆಯಲ್ಲಿ ಬಣ್ಣವಿಲ್ಲ, ಕಾಡಿಲ್ಲ, ಇದೆಂಥ ನೈಜತೆ ಎಂದು ಕೇಳಬಹುದು. ಚಿತ್ರ ಬಿಟ್ಟದ್ದನ್ನು ಬರಹ ತುಂಬಿದೆ: ಯಾವ ನಾಯಿ, ಯಾವ ಬೇಟೆ, ಯಾವ ಮರಡಿ ಎಂಬುದೆಲ್ಲ ಅಲ್ಲಿದೆ. 1702ರಲ್ಲಿ ಫ್ರಾನ್ಸಿನ ಚಿತ್ರಕಾರ ದೆಪೋರ್ತ್ ಹದಿನಾಲ್ಕನೆಯ ಲೂಯಿಯ ನಾಯಿಗಳನ್ನು ಚಿತ್ರಿಸಿ ಅವುಗಳ ಹೆಸರನ್ನೂ ಬರೆದ. ಬಣ್ಣದಲ್ಲಿ ನಿಪುಣನಾದವನಿಗೂ 'ಒಂದು ನಾಯಿ' ಎಂದಷ್ಟೇ ತೋರಿಸಿದರೆ ಸಾಲಲಿಲ್ಲ. ಇಂಥ ಚಿತ್ರ ಬೇಟೆಯನ್ನು ಮೆರೆಸುತ್ತದೆ ಎಂಬ ಆಕ್ಷೇಪಕ್ಕೂ ತೂಕವಿದೆ. 1972ರ ವನ್ಯಜೀವಿ ಕಾಯ್ದೆಯಡಿ ಈಗ ಕಾಡುಪ್ರಾಣಿಗಳ ಬೇಟೆ ಅಪರಾಧ. ಆದರೆ ಆತಕೂರಿನ ಕಲ್ಲು ಗೆಲುವನ್ನಷ್ಟೇ ಹೇಳದೆ ಎರಡು ಸಾವನ್ನೂ ದಾಖಲಿಸಿದೆ. ನಮ್ಮ ಕಲಾವಿದ ಬೇಟೆಯಿಲ್ಲದೆಯೂ ಮುಧೋಳ ನಾಯಿಯನ್ನು ಬರೆಯಬಹುದು. ಹಾಗೆ ಬರೆಯುವ ಮುನ್ನ ಯುರೋಪಿನ ಎಲೆಬಣ್ಣ ಕಲಿಯುವುದಕ್ಕಿಂತ ಆ ನಾಯಿ ಯಾವ ನೆಲದಲ್ಲಿ, ಹೇಗೆ ಓಡುತ್ತದೆ ಎಂದು ನೋಡುವುದು ಮೇಲು.