ಸವಳು ನೆಲದ ಪರೀಕ್ಷೆಗೆ ಡ್ರೋನ್ ಯಂತ್ರವೂ ಆಕಾಶದ ಕಟ್ಟುಪಾಡುಗಳೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವುದಕ್ಕೆ ಮುಂಚೆ ಸಿಂಧನೂರು ತಾಲ್ಲೂಕಿನ ಸಾಲಗುಂದ ಮೊದಲಾದ ಎರೆಭೂಮಿಯ ಗ್ರಾಮಗಳಲ್ಲಿ ಮಳೆಯನ್ನೇ ನಂಬಿ ಜೋಳ, ಹತ್ತಿಗಳನ್ನು ಬೆಳೆಯುತ್ತಿದ್ದರೆಂಬುದು ಹಿರಿಯರಿಗೆ ತಿಳಿದ ಸಂಗತಿಯೇ ಆಗಿದೆ. 1953ರಲ್ಲಿ ಅಣೆಕಟ್ಟೆಯ ಕೆಲಸವು ಮುಗಿದು, ಕ್ರಮೇಣ ಕಾಲುವೆಯು ಮುಂದುವರಿದ ಮೇಲೆ ಭತ್ತವು ಬಂದಿತು. ಭತ್ತದ ಬೆನ್ನಹಿಂದೆಯೇ ಸವಳೂ ಜವಳೂ ಬಂದವು.

ಇದರ ಕಾರಣವು ಗೂಢವಾದುದಲ್ಲ. ಎರೆಮಣ್ಣು ನೀರನ್ನು ಬೇಗನೆ ಕೆಳಕ್ಕೆ ಬಿಡುವುದಿಲ್ಲ. ವರ್ಷಕ್ಕೆ ಎರಡು ಸಲ ಗದ್ದೆಯಲ್ಲಿ ನೀರು ನಿಂತು, ಅದು ಬಸಿದುಹೋಗಲು ದಾರಿಯಿಲ್ಲದಿದ್ದರೆ ಅಂತರ್ಜಲದ ಮಟ್ಟವು ಮೇಲೇರುತ್ತದೆ. ಬೇಸಿಗೆಯಲ್ಲಿ ಆ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮೇಲಕ್ಕೆ ಏರಿ ಬಿಸಿಲಿಗೆ ಆರಿಹೋಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮಾತ್ರ ನೆಲದ ಮೇಲೆ ಉಳಿಯುತ್ತದೆ. ಸವಳಿನ ಪ್ರಮಾಣವನ್ನು ಡೆಸಿಸೀಮೆನ್ಸ್ ಎಂಬ ಮಾನದಿಂದ ಅಳೆಯುವುದುಂಟು. 4ನ್ನು ಮೀರಿದ ಮಣ್ಣನ್ನು ಸವಳುಮಣ್ಣೆಂದು ಎಣಿಸುತ್ತಾರೆ. ಹತ್ತಿಯು ಸುಮಾರು 7.7ರ ವರೆಗೂ, ಜೋಳವು 6.8ರ ವರೆಗೂ ಇಳುವರಿ ಕುಗ್ಗದೆ ತಾಳಿಕೊಳ್ಳಬಲ್ಲವು. ಭತ್ತವೋ 3ಕ್ಕೇ ಸೋಲತೊಡಗುತ್ತದೆ. ಸವಳನ್ನು ತಂದ ಬೆಳೆಯೇ ಸವಳನ್ನು ಎಲ್ಲಕ್ಕಿಂತ ಕಡಿಮೆ ಸಹಿಸುವುದೆಂಬುದು ಈ ಸೀಮೆಯ ಒಕ್ಕಲುತನದ ಒಂದು ವಿಚಿತ್ರವಾದ ಕಷ್ಟವಾಗಿದೆ.

ಬದುವಿನ ಮೇಲೆ ನಿಂತು ನೋಡುವವರಿಗೆ ಹತ್ತಿರದ ಅಂಚು ಮಾತ್ರ ಕಾಣುತ್ತದೆ. ಹೊಲದ ನಡುವೆ ಸವಳು ಎಷ್ಟು ಗುಂಟೆಯನ್ನು ಆಕ್ರಮಿಸಿದೆ, ಕಳೆದ ವರ್ಷಕ್ಕಿಂತ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದನ್ನು ಹೇಳುವುದು ಕಷ್ಟ. ಈ ಕೆಲಸಕ್ಕೆ ಡ್ರೋನ್ ಎಂದು ಕರೆಯಲ್ಪಡುವ, ಒಳಗೆ ಚಾಲಕನಿಲ್ಲದೆ ಹಾರುವ ಸಣ್ಣ ಯಂತ್ರವು ಉಪಯುಕ್ತವಾದುದು. ಸ್ವಾಮಿತ್ವ ಯೋಜನೆಯು 2020ರ ಏಪ್ರಿಲ್ 24ರಂದು ಆರಂಭವಾದ ತರುವಾಯ ಗ್ರಾಮಠಾಣಗಳ ಅಳತೆಗೆ ಈ ಯಂತ್ರವನ್ನು ಹಾರಿಸಿದ್ದನ್ನು ಅನೇಕ ಗ್ರಾಮಗಳವರು ಕಂಡಿದ್ದಾರೆ. ಔಷಧ ಸಿಂಪಡಿಸುವ ದೊಡ್ಡ ಯಂತ್ರಗಳನ್ನು ಕಂಡವರೂ ಉಂಟು. ಇಲ್ಲಿ ಹೇಳುತ್ತಿರುವುದು ಸಿಂಪಡಣೆಯದನ್ನಲ್ಲ, ಚಿತ್ರ ತೆಗೆಯುವ ಹಗುರವಾದ ಯಂತ್ರವನ್ನು.

ಈ ಚಿತ್ರಗಳು ಎರಡು ಬಗೆ. ಸಾಧಾರಣವಾದ ಕ್ಯಾಮರಾ ನಮ್ಮ ಕಣ್ಣಿಗೆ ಕಾಣುವುದನ್ನೇ ಮೇಲಿನಿಂದ ತೋರಿಸುತ್ತದೆ. ಇನ್ನೊಂದು ಬಗೆಯ ಕ್ಯಾಮರಾ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಿಡಿಯುತ್ತದೆ. ಆರೋಗ್ಯವಾದ ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಸೊರಗಿದ ಎಲೆಯಲ್ಲಿ ಈ ಅಂತರವು ಕಡಿಮೆ. ಈ ಎರಡನ್ನೂ ಹೋಲಿಸಿ ಪೈರಿನ ಬಲಾಬಲವನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಯನ್ನು ಸಿದ್ಧಪಡಿಸುತ್ತಾರೆ. ಆದರೆ ಈ ಬಣ್ಣದ ನಕ್ಷೆಗೆ ಮರುಳಾಗಿ ಹಣ ಕೊಡಬಾರದು. ಅದು ಪೈರು ಎಲ್ಲಿ ಸೊರಗಿದೆಯೆಂದು ಹೇಳುತ್ತದೆಯೇ ಹೊರತು ಏಕೆ ಸೊರಗಿತೆಂದು ಹೇಳುವುದಿಲ್ಲ. ಸತುವಿನ ಕೊರತೆಯಿಂದಲೂ ಭತ್ತವು ಕಂದುತ್ತದೆ; ಕಂದು ಜಿಗಿಹುಳು ಬಿದ್ದರೂ ಗದ್ದೆಯಲ್ಲಿ ಸುಟ್ಟಂತೆ ದುಂಡಗಿನ ಕಲೆಗಳು ಏಳುತ್ತವೆ.

ಆದಕಾರಣ ಒಂದೇ ಸಲದ ಚಿತ್ರವು ಸಾಲದು. ಬೇಸಿಗೆಯ ಬೆಳೆ ಕೊಯ್ದಾದ ಮೇಲೆ, ಮೇ ತಿಂಗಳಲ್ಲಿ ನೆಲವು ಬರಿದಾಗಿರುವಾಗ ಒಂದು ಸಲವೂ, ಮುಂಗಾರಿನ ನಾಟಿಯಾಗಿ ಸುಮಾರು ಐವತ್ತು ದಿನಗಳಾದಾಗ ಮತ್ತೊಂದು ಸಲವೂ ತೆಗೆಯಿಸುವುದು ಮೇಲು. ಕಪ್ಪು ನೆಲದ ಮೇಲೆ ಬಿಳಿಯ ಉಪ್ಪಿನ ಪೊರೆಯು ಮೇ ತಿಂಗಳಲ್ಲಿ ಸಾಧಾರಣ ಕ್ಯಾಮರಾಕ್ಕೂ ಸ್ಪಷ್ಟವಾಗಿ ಕಾಣುತ್ತದೆ. ಅದೇ ಜಾಗದಲ್ಲಿ ಮುಂಗಾರಿನ ಪೈರೂ ಸೊರಗಿದ್ದರೆ ಸವಳೆಂದು ಬಹುಮಟ್ಟಿಗೆ ನಂಬಬಹುದು. ಪೊರೆಯಿಲ್ಲದ ಕಡೆ ಪೈರು ಮಾತ್ರ ಸೊರಗಿದ್ದರೆ ಬೇರೆ ಕಾರಣವನ್ನು ಹುಡುಕತಕ್ಕದ್ದು. ಏನೇ ಆದರೂ ಕಲೆಯ ನಡುವೆ ಒಂದು, ಅಂಚಿನಲ್ಲಿ ಒಂದು, ಹೊರಗೆ ಒಂದು, ಹೀಗೆ ಮೂರು ಕಡೆಗಳಲ್ಲಿ ಒಂದಡಿ, ಎರಡಡಿ, ಮೂರಡಿ ಆಳಗಳಿಂದ ಮಣ್ಣನ್ನು ತೆಗೆದು ಪರೀಕ್ಷೆ ಮಾಡಿಸದೆ ಬಸಿಗಾಲುವೆಗೆ ಕೈ ಹಾಕಬಾರದು.

ಇನ್ನು ಆಕಾಶದ ವಿಷಯ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಲದ ಮೇಲಣ ಆಕಾಶದಲ್ಲಿ ಯಂತ್ರವನ್ನು ಹಾರಿಸುವ ಅಧಿಕಾರವು ಬರುವುದಿಲ್ಲ. ಈ ಮಾತು ಅನೇಕ ಜಮೀನುದಾರರಿಗೆ ಹೊಸದಾಗಿ ತೋರಬಹುದು. 2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರದವರು ಪ್ರಕಟಿಸಿದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂಬ ಮೂರು ವಲಯಗಳಾಗಿ ವಿಂಗಡಿಸಿವೆ. ಅದೇ ವರ್ಷ ಸೆಪ್ಟೆಂಬರ್ 24ರಂದು ಇದರ ನಕ್ಷೆಯೂ ಹೊರಬಂದಿತು. ಹಸಿರು ವಲಯದಲ್ಲಿ ನೆಲದಿಂದ 400 ಅಡಿಗಳ ವರೆಗೆ ಹಾರಾಟಕ್ಕೆ ಪ್ರತ್ಯೇಕವಾದ ಅನುಮತಿ ಬೇಕಿಲ್ಲ. ಹಳದಿ ವಲಯದಲ್ಲಿ ವಿಮಾನ ಸಂಚಾರವನ್ನು ನಿಯಂತ್ರಿಸುವ ಅಧಿಕಾರಿಗಳ ಅನುಮತಿಯೂ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯೂ ಇಲ್ಲದೆ ಹಾರಿಸಕೂಡದು. ನಿಯಮವನ್ನು ಮೀರಿದರೆ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವುಂಟು.

ವಿಮಾನ ನಿಲ್ದಾಣದ ಸುತ್ತಣ ಲೆಕ್ಕವನ್ನು ಮುಖ್ಯವಾಗಿ ನೆನಪಿಡಬೇಕು. ಕೆಲಸ ನಡೆಯುತ್ತಿರುವ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿನೊಳಗೆ ಹಸಿರು ವಲಯವೆಂಬುದೇ ಇಲ್ಲ. 8ರಿಂದ 12 ಕಿಲೋಮೀಟರಿನ ನಡುವೆ 200 ಅಡಿಗಳ ವರೆಗೆ ಮಾತ್ರ ಹಸಿರು. ಅದಕ್ಕೂ ಮೇಲೆ ಹಳದಿ. ಸಾಲಗುಂದದ ಸುತ್ತ ಹನ್ನೆರಡು ಕಿಲೋಮೀಟರಿನೊಳಗೆ ಅಂಥ ನಿಲ್ದಾಣವಿಲ್ಲ. ಆದರೆ ರಾಯಚೂರಿನ ಬಳಿಯ ಯರಮರಸ್‌ನಲ್ಲಿ ನಿಲ್ದಾಣವನ್ನು ಕಟ್ಟಲು ಸರ್ಕಾರವು ನಿರ್ಧರಿಸಿರುವುದನ್ನು ಜಿಲ್ಲೆಯವರೆಲ್ಲರೂ ಬಲ್ಲರು. ಅದು ಕೆಲಸಕ್ಕೆ ತೊಡಗಿದಂದಿನಿಂದ ಸುತ್ತಣ ಗ್ರಾಮಗಳ ಹೊಲಗಳ ಮೇಲೆ ಈ ಲೆಕ್ಕವು ಬೀಳುವುದು. ಇದಲ್ಲದೆ ವಿದ್ಯುದಾಗಾರ, ಅಣೆಕಟ್ಟು, ಗಣಿ ಮುಂತಾದ ಕಾವಲಿರುವ ಸ್ಥಳಗಳ ಸಮೀಪದಲ್ಲಿ ಜಮೀನು ಇರುವವರು ಆಕಾಶವು ಬರಿದಾಗಿದೆಯೆಂದು ತಾವಾಗಿ ಊಹಿಸದೆ, ಹಾರಿಸುವ ದಿನವೇ ನಕ್ಷೆಯನ್ನು ತೆರೆದು ನೋಡಿ, ಆ ಸ್ಥಳದ ಅಧಿಕಾರಿಗಳನ್ನೂ ಕೇಳತಕ್ಕದ್ದು.

ನಿನ್ನೆ ಹಸಿರಾಗಿದ್ದ ಆಕಾಶವು ಇಂದು ಕೆಂಪಾಗಿರಬಹುದು. ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯು, ಅಗತ್ಯ ಕಂಡಾಗ, ಒಂದು ಸಲಕ್ಕೆ 96 ಗಂಟೆಗಳನ್ನು ಮೀರದಂತೆ ತಾತ್ಕಾಲಿಕ ಕೆಂಪು ವಲಯವನ್ನು ಘೋಷಿಸಬಹುದೆಂದು ನಿಯಮದಲ್ಲಿದೆ. ಮಂತ್ರಿಗಳ ಭೇಟಿ, ದೊಡ್ಡ ಸಮಾವೇಶ ಮುಂತಾದ ಸಂದರ್ಭಗಳಲ್ಲಿ ಗ್ರಾಮದ ಮುಖಂಡರು ಮೊದಲೇ ಠಾಣೆಯಲ್ಲಿ ವಿಚಾರಿಸಿ ಬಾಡಿಗೆಯವರಿಗೆ ತಿಳಿಸಿದರೆ ಯಂತ್ರವೂ ಉಳಿಯುತ್ತದೆ, ಮುಂಗಡವೂ ಉಳಿಯುತ್ತದೆ.

ಇಷ್ಟೊಂದು ಕಟ್ಟುಪಾಡು ಏಕೆಂದು ಕೇಳುವವರುಂಟು. 2018ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಗ್ಯಾಟ್ವಿಕ್ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂಬ ವರದಿಗಳಿಂದಲೇ ಸುಮಾರು ಒಂದು ಸಾವಿರ ವಿಮಾನಗಳ ಸಂಚಾರವು ಕೆಟ್ಟು ಒಂದು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೆ ಒಳಗಾದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆಯವರ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರಲ್ಲಿ ಆರಂಭವಾಯಿತು. ಅಲ್ಲಿ ಪರೀಕ್ಷೆಗೊಳಗಾಗುವ ಚಾಲಕರಹಿತ ವಿಮಾನಗಳು ಹೊಲ ನೋಡುವ ಸಣ್ಣ ಯಂತ್ರಗಳಲ್ಲ, ನಿಜವಾದ ವಿಮಾನದ ಗಾತ್ರದವು. 2019ರ ಸೆಪ್ಟೆಂಬರ್ 17ರಂದು ಅಂಥದೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಿತು; 2023ರ ಆಗಸ್ಟ್ 20ರಂದು ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ಇಂಥ ಆಕಾಶದಲ್ಲಿ ರೈತನ ಬಾಡಿಗೆಯ ಯಂತ್ರವೊಂದು ಅಡ್ಡ ಬಂದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಡಿಗೆಗೆ ಕರೆಯಿಸುವವರು ಹಾರಿಸುವವನ ಬಾಯಿಮಾತನ್ನು ನಂಬಿ ಕೂಡಬಾರದು. ಯಂತ್ರದ ನೋಂದಣಿ ಸಂಖ್ಯೆ, ಹಾರಿಸುವವನ ಅರ್ಹತಾ ಪತ್ರ, ಮೂರನೆಯವರಿಗೆ ಹಾನಿಯಾದರೆ ಕೊಡುವ ವಿಮೆಯ ಕಾಗದ, ಈ ಮೂರನ್ನೂ ಕಣ್ಣಾರೆ ನೋಡತಕ್ಕದ್ದು. 250 ಗ್ರಾಮಿಗಿಂತ ಹೆಚ್ಚು ತೂಕದ ಯಂತ್ರವನ್ನು ವ್ಯಾಪಾರಕ್ಕಾಗಿ ಹಾರಿಸುವವನಿಗೆ ಅರ್ಹತಾ ಪತ್ರವು ಕಡ್ಡಾಯ. ಹದಿನೆಂಟು ವರ್ಷ ತುಂಬಿ, ಹತ್ತನೆಯ ತರಗತಿ ತೇರ್ಗಡೆಯಾಗಿ, ಅಧಿಕೃತ ಶಾಲೆಯಲ್ಲಿ ತರಬೇತಿ ಪಡೆದವರಿಗೆ ಅದು ದೊರೆಯುತ್ತದೆ. ಗ್ರಾಮದ ಯುವಕ ಯುವತಿಯರಲ್ಲಿ ಒಬ್ಬರು ಇದನ್ನು ಪಡೆದುಕೊಂಡರೆ ಹತ್ತು ಹಳ್ಳಿಗಳಿಗೆ ಅನುಕೂಲವಾದೀತು. ಅಪಘಾತವಾದರೆ 48 ಗಂಟೆಗಳೊಳಗೆ ವರದಿ ಮಾಡಬೇಕಾದುದು ಹಾರಿಸಿದವನ ಕರ್ತವ್ಯ.

ಹಾಗಾದರೆ ಆಕಾಶವು ಮುಚ್ಚಿರುವ ಕಡೆಗಳಲ್ಲಿ ಸವಳನ್ನು ನೋಡುವ ಬಗೆ ಹೇಗೆ? ಅನುಮತಿಗೆ ಅರ್ಜಿ ಕೊಡುವುದು ಒಂದು ದಾರಿ. ಆದರೆ ಮೇ ತಿಂಗಳು ಅರ್ಜಿಗಾಗಿ ಕಾಯುವುದಿಲ್ಲ. ಎರಡನೆಯದು ಉಪಗ್ರಹದ ಚಿತ್ರ. ಯೂರೋಪಿನವರ ಸೆಂಟಿನೆಲ್-2 ಎಂಬ ಉಪಗ್ರಹಗಳು ಐದು ದಿನಗಳಿಗೊಮ್ಮೆ ಪ್ರತಿಯೊಂದು ಹೊಲವನ್ನೂ ಚಿತ್ರಿಸುತ್ತವೆ. ಚಿತ್ರಗಳಿಗೆ ಬೆಲೆಯಿಲ್ಲ, ಯಾರ ಅನುಮತಿಯೂ ಬೇಡ. ಅವುಗಳಲ್ಲಿ ಒಂದು ಚುಕ್ಕೆಯು ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ, ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಡ್ರೋನ್ ಯಂತ್ರವು ಬದುವಿನ ಬಿರುಕನ್ನೂ ತೋರಿಸುತ್ತದೆ. ಉಪಗ್ರಹವು ಗುಂಟೆಗಳನ್ನು ಎಣಿಸಿ ಕೊಡುತ್ತದೆ. ಸವಳು ಹರಡುವುದು ಗುಂಟೆಗಳ ಲೆಕ್ಕದಲ್ಲಿಯೇ ಆದ್ದರಿಂದ ಇದರಿಂದ ಕೆಲಸ ಕೆಡುವುದಿಲ್ಲ. ಮುಂಗಾರಿನ ಮೋಡಗಳು ಮಾತ್ರ ಅಡ್ಡಿ. ಬೇಸಿಗೆಯ ಚಿತ್ರಗಳು ನಿರ್ಮಲವಾಗಿರುತ್ತವೆ. ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲಗಳ ವಿಷಯವಾಗಿ ಬಹುಕಾಲದಿಂದ ಕೆಲಸ ನಡೆದಿದ್ದು, ಚಿತ್ರವನ್ನು ಮಣ್ಣಿನೊಡನೆ ಹೊಂದಿಸಿ ನೋಡುವ ವಿಷಯದಲ್ಲಿ ಅಲ್ಲಿಯವರ ಸಲಹೆಯನ್ನು ಕೇಳಬಹುದು.

ಒಂದು ಸೂಕ್ಷ್ಮವಾದ ಮಾತು ಉಳಿದಿದೆ. ಮೇಲಿನಿಂದ ತೆಗೆದ ಚಿತ್ರವು ಸವಳನ್ನು ಮಾತ್ರ ತೋರಿಸುವುದಿಲ್ಲ. ಯಾವ ತೂಬಿನ ಕೆಳಗೆ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಭತ್ತವಿದೆ, ಯಾರ ಹೊಲದಿಂದ ನೀರು ಹೊರಳಿ ಕೆಳಗಿನವನ ಹೊಲದಲ್ಲಿ ನಿಂತಿದೆ ಎಂಬುದೂ ಅದರಲ್ಲಿ ಕಾಣುತ್ತದೆ. ಕಾಲುವೆಯ ತಲೆಯಲ್ಲಿರುವವರಿಗೆ ಇದು ಹಿತವಾಗಲಾರದು. ಕೊನೆಯ ಭಾಗದ ರೈತರಿಗೆ ಇದೇ ಬೇಕಾದುದು. ಆದುದರಿಂದ ಒಬ್ಬ ಜಮೀನುದಾರನು ತನ್ನ ಖರ್ಚಿನಲ್ಲಿ ಊರೆಲ್ಲವನ್ನೂ ಚಿತ್ರಿಸಿಕೊಂಡು ಬರುವುದಕ್ಕಿಂತ, ಗ್ರಾಮ ಪಂಚಾಯತಿಯಲ್ಲಿ ಮೊದಲು ತಿಳಿಸಿ, ಒಂದು ತೂಬಿನ ಕೆಳಗಿನವರೆಲ್ಲರೂ ಸೇರಿ ಖರ್ಚನ್ನು ಎಕರೆಯ ಮೇಲೆ ಹಂಚಿಕೊಂಡು ಮಾಡಿಸುವುದು ಲೇಸು. ಮನೆಗಳ ಅಂಗಳದ ಮೇಲೆಯೂ, ಕೊಕ್ಕರೆಗಳು ಗೂಡು ಕಟ್ಟಿರುವ ಮರಗಳ ಮೇಲೆಯೂ ಯಂತ್ರವನ್ನು ಒಯ್ಯಬಾರದು.

ಯರಮರಸ್ ಸುತ್ತಣ ಗ್ರಾಮಗಳವರು ಈ ಕೆಲಸವನ್ನು ಮುಂದಕ್ಕೆ ಹಾಕದಿರುವುದು ಒಳ್ಳೆಯದು. ನಿಲ್ದಾಣವು ಕೆಲಸಕ್ಕೆ ತೊಡಗುವ ಮೊದಲು ಬರುವ ಒಂದು ಮೇ ತಿಂಗಳಲ್ಲಿ, ಆ ದಿನದ ನಕ್ಷೆಯು ಹಸಿರು ತೋರಿಸಿದರೆ, ಊರ ಹೊಲಗಳನ್ನೆಲ್ಲಾ ಒಮ್ಮೆ ಚಿತ್ರಿಸಿ, ಸರ್ವೆ ನಂಬರುಗಳನ್ನು ಗುರುತುಮಾಡಿ, ಅದೇ ವಾರದ ಮಣ್ಣಿನ ಪರೀಕ್ಷೆಯ ವರದಿಗಳೊಂದಿಗೆ ಪಂಚಾಯತಿಯ ಕಚೇರಿಯಲ್ಲಿ ಇಡಬೇಕು. ತರುವಾಯ ಆಕಾಶವು ಮುಚ್ಚಿದರೂ, ವರ್ಷವರ್ಷದ ಉಪಗ್ರಹ ಚಿತ್ರವನ್ನು ಆ ಮೊದಲನೆಯ ಚಿತ್ರದ ಪಕ್ಕದಲ್ಲಿಟ್ಟು ಸವಳಿನ ಗುಂಟೆಗಳನ್ನು ಎಣಿಸಲು ಬರುವುದು.