ಅಪ್ಪನ ಕೈಯಲ್ಲಿದ್ದ ಕಾಲು ಸುತ್ತು

ನೇರ ರಸ್ತೆಯಲ್ಲಿ ಜೀಪು ನೆಟ್ಟಗೆ ಹೋಗುತ್ತಿದ್ದರೂ ಅಪ್ಪನ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಲೇ ಇರುತ್ತಿದ್ದರು. ಚಿಕ್ಕವಳಿದ್ದಾಗ ನಾನು ಅದನ್ನೇ ಡ್ರೈವಿಂಗ್ ಅಂದುಕೊಂಡಿದ್ದೆ. ಮುಂದೆ ಚಿಕ್ಕಮಗಳೂರಿನಲ್ಲಿ ಕಾರು ಕಲಿಯಲು ಹೋದಾಗ ನಾನೂ ಹಾಗೇ ಕೈ ಆಡಿಸಿದೆ. ಕಲಿಸುವವರು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ, "ಮೇಡಂ, ಕಾರು ಓಡಿಸ್ತೀರೋ ಮಜ್ಜಿಗೆ ಕಡೀತೀರೋ?" ಎಂದು ಕೇಳಿದರು.

ಆವತ್ತು ಸಂಜೆ ಮನೆಗೆ ಬಂದು ಅಪ್ಪನಿಗೆ ಇದನ್ನು ಹೇಳಿದೆ. ಅವರು ನಕ್ಕು, "ಕಾರಿಗೆ ಅದು ಬೇಡ. ಜೀಪಿಗೆ ಬೇಕು" ಎಂದರು. ಅಷ್ಟೇ. ಯಾಕೆ ಬೇಕು ಅನ್ನುವುದು ನನಗೆ ತಿಳಿಯಲು ಮೂವತ್ತು ವರ್ಷ ಹಿಡಿಯಿತು, ಒಂದು ಗ್ಯಾರೇಜಿನಲ್ಲಿ ಹದಿನೇಳು ದಿನ ಕೂರಬೇಕಾಯಿತು.

ಮೂಡಿಗೆರೆ ಸೀಮೆಯ ನಮ್ಮ ಕಾಫಿ ತೋಟಕ್ಕೆ ಆ ಜೀಪು ಬಂದಿದ್ದು ನಾನು ಹುಟ್ಟುವ ಮೊದಲು. ಮಹೀಂದ್ರಾದವರು ನಮ್ಮ ದೇಶದಲ್ಲಿ ತಯಾರಿಸಿದ ವಿಲ್ಲೀಸ್ ಸಿಜೆ-3ಬಿ. ಎರಡನೇ ಮಹಾಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು. ಯುದ್ಧ ಮುಗಿದ ಮೇಲೆ ಅದೇ ಗಾಡಿಯನ್ನು ರೈತರಿಗೆ ಒಗ್ಗಿಸಿ ಮಾರಿದ ಸಂತತಿಯೇ ಸಿಜೆ, ಅಂದರೆ ಸಿವಿಲಿಯನ್ ಜೀಪು. 3ಬಿ ಬಂದಿದ್ದು 1953ರಲ್ಲಿ. ಎತ್ತರದ ಹೊಸ ಎಂಜಿನ್ ಹಿಡಿಸಲು ಬಾನೆಟ್ಟನ್ನು ಮೇಲೆತ್ತಿದ್ದರಿಂದ ಅದಕ್ಕೆ ಹುಬ್ಬೇರಿಸಿದ ಮುಖ. ಆದರೆ ಸ್ಟೀರಿಂಗ್ ಮಾತ್ರ ಹೆಚ್ಚುಕಡಿಮೆ ಯುದ್ಧಕಾಲದ್ದೇ ಉಳಿಯಿತು.

ಅಪ್ಪನಿಗೆ ಕಣ್ಣಿನ ಆಪರೇಷನ್ ಆದಾಗ ಜೀಪು ಮೂರು ವಾರ ಶೆಡ್ಡಿನಲ್ಲೇ ನಿಂತಿತು. ಗೊಬ್ಬರ ಸಾಗಿಸಬೇಕಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಕೀ ಈಸಿಕೊಂಡು ಹೋದವನು ಕಣದ ಕಟ್ಟೆಗೆ ಗುದ್ದಿ ಬಂದ. "ತಿರುಗಿಸಿದೆ ಅಕ್ಕ, ತಿರುಗಲಿಲ್ಲ. ಇನ್ನೂ ತಿರುಗಿಸಿದೆ, ಜಾಸ್ತಿ ತಿರುಗಿತು" ಎಂದ. ನಾನು ಕೂತೆ. ನಮ್ಮ ಕೆಳಗಿನ ತೋಟದ ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡುವಷ್ಟರಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು.

ಕೊನೆಗೆ ಒಂದು ಪರೀಕ್ಷೆ ಮಾಡಿದೆವು. ಸ್ಟೀರಿಂಗ್ ಮೇಲೆ ಸುಣ್ಣದ ಗುರುತು ಹಾಕಿ, ರೈಟರನನ್ನು ಮುಂದಿನ ಚಕ್ರದ ಹತ್ತಿರ ಕೂರಿಸಿ, ಮೆಲ್ಲಗೆ ತಿರುಗಿಸುತ್ತಾ ಹೋದೆ. ಅವನು "ಈಗ ಅಲ್ಲಾಡಿತು" ಅನ್ನುವಾಗ ಗುರುತು ಹನ್ನೆರಡು ಗಂಟೆಯಿಂದ ಮೂರು ಗಂಟೆಗೆ ಬಂದಿತ್ತು. ಕಾಲು ಸುತ್ತು. ಚಕ್ರಕ್ಕೆ ಸುದ್ದಿಯೇ ಮುಟ್ಟದ ಈ ತಿರುಗಾಟವನ್ನು ಗ್ಯಾರೇಜಿನವರು 'ಪ್ಲೇ' ಅನ್ನುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಇದಕ್ಕೆ 30 ಡಿಗ್ರಿಯ ಮಿತಿ ಹಾಕಿದೆ, ಅಂದರೆ ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ. ನಮ್ಮದು ಅದರ ಮೂರು ಪಟ್ಟು.

ಅಪ್ಪ ಆ ಕಾಲು ಸುತ್ತನ್ನು ಕೈಯಲ್ಲೇ ಇಟ್ಟುಕೊಂಡಿದ್ದರು. ಗಾಡಿ ಎಡಕ್ಕೆ ಎಳೆಯುವ ಮೊದಲೇ ಅವರ ಕೈ ಬಲಕ್ಕೆ ಹೋಗಿರುತ್ತಿತ್ತು. ಜೀಪಿನಲ್ಲಿ ಸವೆದುಹೋದ ಅಷ್ಟೂ ಲೋಹದ ಜಾಗದಲ್ಲಿ ಕೂತು ಕೆಲಸ ಮಾಡುತ್ತಿದ್ದ ಪಾರ್ಟು ಅಪ್ಪನೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಷ್ಟು ಹುಡುಕಿದರೂ ಆ ಪಾರ್ಟು ಸಿಗುವುದಿಲ್ಲ.

ಸವೆತದ ಲೆಕ್ಕ

ನಮ್ಮೂರಿನಲ್ಲಿ ಎಲ್ಲರೂ 'ಕಾಕ' ಎಂದು ಕರೆಯುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಜೀಪಿನ ಕೆಳಗೆ ಮಲಗಿ, ನನ್ನ ಕೈಯಲ್ಲಿ ಸ್ಟೀರಿಂಗ್ ಆಡಿಸಿ, ಪ್ರತಿಯೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಿದರು. ಹಳೆಯ ಜೀಪಿನಲ್ಲಿ ಕೈಯ ಮಾತು ಚಕ್ರಕ್ಕೆ ಮುಟ್ಟುವುದು ಹೀಗೆ. ಸ್ಟೀರಿಂಗ್ ಕಂಬದ ತುದಿಯಲ್ಲಿ ರಾಸ್ ಎಂಬ ಕಂಪನಿಯ ವಿನ್ಯಾಸದ ಬಾಕ್ಸ್. ಅದರೊಳಗೆ ತೋಡು ಕೊರೆದ ದಪ್ಪ ಸ್ಕ್ರೂ. ಆ ತೋಡಿನಲ್ಲಿ ಕೂತ ಎರಡು ಮೊಂಡು ಗೂಟಗಳು. ಸ್ಕ್ರೂ ತಿರುಗಿದರೆ ಗೂಟಗಳು ಜಾರಿ, ಹೊರಗಿನ ಪಿಟ್‌ಮನ್ ಆರ್ಮ್ ಅನ್ನು ಆಡಿಸುತ್ತವೆ. ಅದು ಡ್ರ್ಯಾಗ್ ಲಿಂಕ್ ಎಂಬ ಸರಳನ್ನು ತಳ್ಳುತ್ತದೆ. ಸರಳು ಮುಂಭಾಗದ ನಡುವಿನಲ್ಲಿರುವ ಬೆಲ್ ಕ್ರ್ಯಾಂಕನ್ನು ತಿರುಗಿಸುತ್ತದೆ. ಬೆಲ್ ಕ್ರ್ಯಾಂಕಿನಿಂದ ಎರಡು ಚಕ್ರಕ್ಕೆ ಎರಡು ಟೈರಾಡ್.

ಡ್ರ್ಯಾಗ್ ಲಿಂಕಿಗೆ ಎರಡು ಗುಂಡು ಕೀಲು, ಟೈರಾಡುಗಳಿಗೆ ನಾಲ್ಕು, ಬೆಲ್ ಕ್ರ್ಯಾಂಕಿನ ಗೂಟ ಒಂದು, ಬಾಕ್ಸಿನ ಒಳಗಿನದು ಬೇರೆ, ಚಕ್ರ ತಿರುಗುವ ಕಿಂಗ್ ಪಿನ್ ಬೇರಿಂಗುಗಳು ಬೇರೆ. ಒಂದೊಂದು ಕೀಲೂ ಒಂದು ಕೂದಲೆಳೆ ಸವೆದರೆ ಸಾಕು, ಎಲ್ಲ ಸೇರಿ ಮೇಲೆ ಕಾಲು ಸುತ್ತಾಗುತ್ತದೆ.

"ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿದರಾಗದಾ?" ಎಂದು ಕೇಳಿದೆ. ಅಪ್ಪ ಪ್ರತಿ ಮಳೆಗಾಲದ ಮುಂಚೆ ಅದನ್ನೇ ಮಾಡುತ್ತಿದ್ದರು.

"ಅಲ್ಲೇ ಇರೋದು ಅಮ್ಮಾ ಎಡವಟ್ಟು" ಎಂದರು ಕಾಕ. ಗಾಡಿ ತನ್ನ ಆಯುಸ್ಸಿನ ಬಹುಪಾಲು ನೇರಕ್ಕೇ ಹೋಗುವುದರಿಂದ ತೋಡು ಹೆಚ್ಚು ಸವೆಯುವುದು ನಡುವಿನಲ್ಲಿ. ಅಲ್ಲಿಗೆ ಸರಿಯಾಗುವಂತೆ ಬಿಗಿ ಮಾಡಿದರೆ, ಸವೆಯದ ಎರಡು ಕೊನೆಗಳಲ್ಲಿ ಗೂಟ ಕಚ್ಚಿಕೊಳ್ಳುತ್ತದೆ. ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಅದು ಆಟವಲ್ಲ.

ಇನ್ನೊಂದು ತಪ್ಪೂ ನಮ್ಮದೇ. ಈ ಜೀಪಿಗೆಂದು ಕಂಪನಿ ಕೊಟ್ಟಿದ್ದು 6.00-16ರ ಸಪೂರ ಟೈರು. ಕೆಸರಿಗೆ ಒಳ್ಳೆಯದೆಂದು ಅಪ್ಪ ದಪ್ಪ ಟೈರು ಹಾಕಿಸಿದ್ದರು. ನೆಲಕ್ಕೆ ತಾಗುವ ಅಗಲ ಹೆಚ್ಚಿದಷ್ಟೂ ನಿಂತಲ್ಲಿ ತಿರುಗಿಸಲು ಬಲ ಬೇಕು. ನನ್ನ ಭುಜ ಹಿಡಿದುಕೊಂಡಿದ್ದಕ್ಕೆ ಕಾರಣ ಅದು.

ಮೂರು ದಾರಿ

ಕಾಕ ಮೂರು ದಾರಿ ಹೇಳಿದರು. ಮೊದಲನೆಯದು, ಇದ್ದ ರಾಸ್ ಬಾಕ್ಸಿಗೇ ಹೊಸ ಸ್ಕ್ರೂ, ಗೂಟ, ಬುಷ್ ಹಾಕಿ, ಎಲ್ಲ ಕೀಲು ಬದಲಿಸುವುದು. ಗಾಡಿಯನ್ನು ಮೂಲ ರೂಪದಲ್ಲೇ ಉಳಿಸಬೇಕೆನ್ನುವವರಿಗೆ ಇದೇ ಸರಿ. ಎರಡನೆಯದು, ಗುಂಡುಗಳ ಮೇಲೆ ಕೆಲಸ ಮಾಡುವ ಬಾಕ್ಸ್. ಮೂರನೆಯದು, ಅದೇ ಗುಂಡಿನ ಬಾಕ್ಸಿಗೆ ಎಣ್ಣೆಯ ಬಲ ಸೇರಿಸಿದ ಪವರ್ ಸ್ಟೀರಿಂಗ್.

ಗುಂಡಿನ ಬಾಕ್ಸ್ ಅಂದರೇನೆಂದು ತೋರಿಸಲು ಅವರು ಒಂದು ಹಳೆಯದನ್ನು ತಟ್ಟೆಯ ಮೇಲೆ ಬಿಚ್ಚಿದರು. ಸ್ಕ್ರೂವಿನ ಮೇಲೆ ದೊಡ್ಡ ನಟ್ಟು. ಎರಡರ ತೋಡುಗಳ ನಡುವೆ ಸೈಕಲ್ ಹಬ್ಬಿನಲ್ಲಿರುವಂಥ ಉಕ್ಕಿನ ಗುಂಡುಗಳು. ತಿರುಗಿಸಿದಂತೆ ಗುಂಡುಗಳು ಒಂದು ಕಡೆಯಿಂದ ಹೊರಬಂದು, ಬಾಗಿದ ಸಣ್ಣ ಕೊಳವೆಯೊಳಗೆ ಸಾಗಿ, ಮತ್ತೆ ತೋಡು ಸೇರಿ ಸುತ್ತುತ್ತಲೇ ಇರುತ್ತವೆ. ನೋಡುತ್ತಿದ್ದಂತೆ ಒಂದು ಗುಂಡು ಜಾರಿ ನೆಲಕ್ಕೆ ಬಿತ್ತು. ಗ್ಯಾರೇಜಿನ ಹುಡುಗನೊಬ್ಬ ಅಯಸ್ಕಾಂತ ಹಿಡಿದು ಹದಿನೈದು ನಿಮಿಷ ಹುಡುಕಿದ. "ಒಂದು ಕಮ್ಮಿಯಾದ್ರೂ ಹಾಕೋ ಹಾಗಿಲ್ಲ" ಎಂದು ಕಾಕ ಅದು ಸಿಗುವವರೆಗೆ ಬೀಡಿ ಕೂಡ ಹಚ್ಚಲಿಲ್ಲ.

ಸಿಲ್ವರ್ ಓಕ್ ದಿಮ್ಮಿಯನ್ನು ನೆಲದ ಮೇಲೆ ಎಳೆಯುವುದಕ್ಕೂ ಉರುಳಿಸುವುದಕ್ಕೂ ಇರುವ ವ್ಯತ್ಯಾಸ ತೋಟದವರಿಗೆ ಹೇಳಬೇಕಿಲ್ಲ. ರಾಸ್ ಬಾಕ್ಸಿನಲ್ಲಿ ಲೋಹ ಲೋಹದ ಮೇಲೆ ಉಜ್ಜುತ್ತದೆ, ಇದರಲ್ಲಿ ಉರುಳುತ್ತದೆ. ಅದಕ್ಕೇ ಹಗುರ, ಸವೆತವೂ ಕಡಿಮೆ. ಅಮೆರಿಕದ ಜೀಪಿನವರೇ ಸಿಜೆ-5ರ 1972ರ ಮಾದರಿಯಲ್ಲಿ ರಾಸ್ ಬಿಟ್ಟು ಸ್ಯಾಗಿನಾ ಎಂಬ ಗುಂಡಿನ ಬಾಕ್ಸಿಗೆ ಹೊರಳಿದರು.

ಪವರ್ ಸ್ಟೀರಿಂಗ್‌ನ ಜಾಣ್ಮೆ ಇರುವುದು ಒಂದು ಸಪೂರ ಉಕ್ಕಿನ ಸರಳಿನಲ್ಲಿ. ಚಕ್ರ ಸುಲಭಕ್ಕೆ ಒಪ್ಪದಿದ್ದಾಗ ಕೈಯ ಬಲಕ್ಕೆ ಆ ಸರಳು ಒಂಚೂರು ತಿರುಚಿಕೊಳ್ಳುತ್ತದೆ. ತಿರುಚಿದಷ್ಟು ವಾಲ್ವು ತೆರೆದು, ಎಂಜಿನ್ನಿನ ಬೆಲ್ಟಿನಿಂದ ಓಡುವ ಪಂಪಿನ ಎಣ್ಣೆ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ತಳ್ಳುತ್ತದೆ. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರ್ 1926ರಲ್ಲೇ ಎಣ್ಣೆಯ ಬಲದ ಸ್ಟೀರಿಂಗ್ ಮಾಡಿ ತೋರಿಸಿದ್ದ. ಅದು ಮಾರಾಟದ ಕಾರಿಗೆ ಬಂದಿದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಆದರೆ ಕಡಿದುಹೋಗುವುದಿಲ್ಲ. ಸ್ಕ್ರೂ, ನಟ್ಟು, ಸರಳುಗಳ ಸಂಬಂಧ ಇದ್ದೇ ಇರುತ್ತದೆ.

ನಾನು ಮೂರನೆಯ ದಾರಿ ಹಿಡಿದೆ. ಚಿಕ್ಕಪ್ಪ ಫೋನು ಮಾಡಿ, "ಒರಿಜಿನಲ್ ಗಾಡಿ ಹಾಳು ಮಾಡ್ತಿದ್ದೀಯಲ್ಲೇ" ಎಂದು ಬೈದರು. ಪೆಟ್ರೋಲಿನ ಖರ್ಚು ತಾಳದೆ ಅಪ್ಪ ಡೀಸೆಲ್ ಎಂಜಿನ್ ಕೂರಿಸಿದ್ದು, ಟೈರು, ಟಾಪು, ಸೀಟು ಬದಲಿಸಿದ್ದು ಅವರಿಗೆ ಮರೆತುಹೋಗಿತ್ತು. ಒರಿಜಿನಲ್ ಆಗಿ ಉಳಿದಿದ್ದು ಕಾಟ ಕೊಡುವ ಆ ಒಂದೇ ಭಾಗ.

ಬಲಕ್ಕೆಂದರೆ ಎಡಕ್ಕೆ

ಕಾಕ ಬಾಕ್ಸಿಗೆ ಕೈ ಹಾಕುವ ಮೊದಲು ಕಿಂಗ್ ಪಿನ್ ಬೇರಿಂಗ್ ಬದಲಿಸಿದರು. ಬುಡವೇ ಅಲ್ಲಾಡುತ್ತಿದ್ದರೆ ಮೇಲೆ ಎಂಥ ಬಾಕ್ಸ್ ಕೂರಿಸಿದರೂ ಹೊಂಡಕ್ಕೆ ಬಿದ್ದಾಗ ಮುಂದಿನ ಚಕ್ರಗಳು ಭೂತ ಹಿಡಿದಂತೆ ಕುಣಿಯುತ್ತವೆ. ಆಮೇಲೆ ಬೆಲ್ ಕ್ರ್ಯಾಂಕ್ ತೆಗೆದುಹಾಕಿದರು. ಎರಡು ಚಕ್ರಕ್ಕೂ ಸೇರಿ ಒಂದೇ ಉದ್ದದ ಟೈರಾಡ್, ಬಾಕ್ಸಿನಿಂದ ಎಡಚಕ್ರದ ಕಡೆಗೆ ಒಂದು ಡ್ರ್ಯಾಗ್ ಲಿಂಕ್. ಗುಜರಿಯಿಂದ ತಂದ ಪಿಕಪ್ ಗಾಡಿಯ ಪವರ್ ಬಾಕ್ಸನ್ನು ಹೊಸ ಸೀಲು ಹಾಕಿ, ಬಲಗಡೆಯ ಚಾಸಿಗೆ ಕೂರಿಸಿದರು.

ಹತ್ತನೇ ದಿನ ಮುಂಭಾಗವನ್ನು ಜಾಕಿನ ಮೇಲೆ ಎತ್ತಿಟ್ಟು, "ತಿರುಗಿಸಿ ಅಮ್ಮಾ" ಎಂದರು. ಬಲಕ್ಕೆ ತಿರುಗಿಸಿದೆ. ಒಂದು ಬೆರಳಿಗೆ ಬಂತು. ಖುಷಿಯಲ್ಲಿ ತಲೆ ಎತ್ತಿದರೆ ಗ್ಯಾರೇಜಿನ ಹುಡುಗರು ಬಾಯಿಗೆ ಕೈ ಹಿಡಿದು ನಿಂತಿದ್ದರು. ಚಕ್ರ ಎಡಕ್ಕೆ ತಿರುಗಿತ್ತು.

ಪಿಕಪ್ಪಿನಲ್ಲಿ ಆ ಬಾಕ್ಸಿನ ಆರ್ಮ್ ಮುಂದಕ್ಕೆ ಚಾಚಿಕೊಂಡಿತ್ತಂತೆ. ನಮ್ಮ ಜೀಪಿನಲ್ಲಿ ಜಾಗವಿಲ್ಲದೆ ಹಿಂದಕ್ಕೆ ಚಾಚಿ ಕೂರಿಸಿದ್ದರು. ಗಡಿಯಾರದ ಮುಳ್ಳು ಹನ್ನೆರಡರ ಹತ್ತಿರ ಇದ್ದಾಗ ಬಲಕ್ಕೆ ಹೋಗುತ್ತದೆ, ಆರರ ಹತ್ತಿರ ಇದ್ದಾಗ ಎಡಕ್ಕೆ. ತಿರುಗುವ ದಿಕ್ಕು ಒಂದೇ. ತಪ್ಪಾಗಿದ್ದು ಅಷ್ಟೇ, ಆದರೆ ಸರಿ ಮಾಡಲು ಬ್ರ್ಯಾಕೆಟ್ ಕತ್ತರಿಸಿ, ಬಾಕ್ಸನ್ನು ಹಿಂದಕ್ಕೆ ಸರಿಸಿ, ಮತ್ತೆ ವೆಲ್ಡ್ ಮಾಡಬೇಕಾಯಿತು. ಕಾಕ ಮುಖ ಸಣ್ಣದು ಮಾಡಿಕೊಂಡು, "ನಿಮ್ಮಪ್ಪ ಗೌಡ್ರಿಗೆ ಹೇಳ್ಬೇಡಿ" ಎಂದರು.

ಆ ಒಂದು ವಾರದಲ್ಲಿ ನಾನು ಕಲಿತಿದ್ದು ಹೆಚ್ಚು. ಎಣ್ಣೆಯ ಬಲ ಚಕ್ರವನ್ನು ತಳ್ಳಿದಷ್ಟೇ ಬಾಕ್ಸ್ ಕೂತ ಚಾಸಿಯನ್ನೂ ತಳ್ಳುತ್ತದೆ. ಹಳೆಯ ತೆಳು ಚಾಸಿ ಅಲ್ಲಿ ಬಿರುಕು ಬಿಡುತ್ತದೆ. ಹಾಗಾಗಿ ಒಳಗೂ ಹೊರಗೂ ಪ್ಲೇಟು ಕೊಡಬೇಕು. ಮುಂದಿನಿಂದ ನೋಡಿದಾಗ ಡ್ರ್ಯಾಗ್ ಲಿಂಕೂ ಟೈರಾಡೂ ಆದಷ್ಟು ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಹೊಂಡಕ್ಕೆ ಇಳಿದಾಗ ಯಾರೂ ತಿರುಗಿಸದೆಯೇ ಗಾಡಿ ತಾನೇ ತಿರುಗುತ್ತದೆ. ಹಳೆಯ ಕಂಬ ಬಾಕ್ಸಿನಿಂದ ಎದೆಯವರೆಗೆ ಒಂದೇ ನೇರ ಉಕ್ಕು, ಮುಂದಿನಿಂದ ಗುದ್ದಿದರೆ ಈಟಿ. ಹೊಸದರಲ್ಲಿ ನಡುವೆ ಎರಡು ಕ್ರಾಸ್ ಜಾಯಿಂಟ್ ಇರುವುದರಿಂದ ಮಡಚಿಕೊಳ್ಳುತ್ತದೆ. ಪ್ರತಿ ಗುಂಡು ಕೀಲಿನ ನಟ್ಟಿಗೂ ಸ್ಪ್ಲಿಟ್ ಪಿನ್ ಬೇಕು. ಕಾಕ ಅವನ್ನು ಹಾಕಿದ ಮೇಲೆ ನನ್ನಿಂದಲೇ ಒಂದೊಂದಾಗಿ ಮುಟ್ಟಿಸಿ ಎಣಿಸಿದರು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ತಯಾರಕರು ನಮೂದಿಸಿದ್ದಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂದಿದೆ, ಆದರೆ ಅದಕ್ಕೆ ಗಾಡಿ ಮೂಲ ರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗೂ ಇಲ್ಲ. ಗೊಬ್ಬರ ಹೊರುವ ನಮ್ಮ ಜೀಪಿಗೆ ಆ ಮರ್ಯಾದೆ ಒಗ್ಗದು. ನೀವು ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಹದಿನೇಳನೇ ದಿನ ಜೀಪು ಮನೆಗೆ ಬಂತು. ಅಂಗಳದಲ್ಲಿ ಸುಣ್ಣದ ಗುರುತು ಹಾಕಿ ನೋಡಿದೆವು. ಎರಡು ಬೆರಳಗಲ ತಿರುಗುವಷ್ಟರಲ್ಲಿ ಚಕ್ರ ಅಲ್ಲಾಡಿತು. ರೈಟರ್ ಕೆಳಗಿನ ತೋಟದ ತಿರುವನ್ನು ಒಂದೇ ಸಲಕ್ಕೆ ದಾಟಿಸಿ ಬಂದ. ಕಲ್ಲಿಗೆ ಚಕ್ರ ತಾಗಿದರೆ ಸ್ಟೀರಿಂಗ್ ಒದೆಯುತ್ತದೆ, ಹೆಬ್ಬೆರಳು ಒಳಗಿಡಬೇಡ ಎಂದು ಅಪ್ಪ ನನಗೆ ಹೇಳುತ್ತಿದ್ದ ಮಾತನ್ನು ನಾನು ಅವನಿಗೆ ಹೇಳಿದೆ.

ಸಂಜೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಂದು ಕೀ ಕೇಳಿದರು. ಪಕ್ಕದಲ್ಲಿ ನಾನು ಕೂತೆ. ಗೇಟು ದಾಟಿ ಟಾರ್ ರಸ್ತೆಗೆ ಬಂದದ್ದೇ ಅವರ ಕೈ ಹಳೆಯ ಕೆಲಸ ಶುರು ಮಾಡಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಜೀಪು ಎಡದ ಚರಂಡಿಗೆ ಮೂಗು ಹಾಕಿತು, ಬಲದ ಬೇಲಿಗೆ ಮೂಗು ಹಾಕಿತು. ಎದುರಿನಿಂದ ಬಂದ ಸ್ಕೂಟರಿನವನು ಪೂರ್ತಿ ಕೆಳಗಿಳಿದು ನಿಂತು ನಮ್ಮನ್ನು ನೋಡಿದ.

ಅಪ್ಪ ಗಾಡಿ ನಿಲ್ಲಿಸಿ ಸ್ಟೀರಿಂಗನ್ನೇ ನೋಡಿದರು. "ಇದೇನೇ, ಹೇಳಿದ್ದನ್ನೆಲ್ಲ ಕೇಳ್ತದೆ!" ಎಂದರು. ಆಮೇಲೆ ಎರಡೂ ಕೈಯನ್ನು ಅದರ ಮೇಲೆ ಗಟ್ಟಿಯಾಗಿ ಇಟ್ಟು, ಅಲ್ಲಾಡಿಸದೆ, ಒಂದನೇ ಗೇರಿನಲ್ಲೇ ಮೆಲ್ಲಗೆ ಮುಂದೆ ಹೋದರು. ಹೆಬ್ಬೆರಳು ಎರಡೂ ಹೊರಗೇ ಇದ್ದವು.